ಸುಡಲು ಕೊಟ್ಟ ಹಸ್ತಪ್ರತಿ

ಅಚ್ಚಿನ ಭಾಗ್ಯ ಕಾಣದ ಬರಹವನ್ನು ಪೆಟ್ಟಿಗೆಯಲ್ಲಿರಿಸಿ, ತಮಗೆ ಕೀರ್ತಿಯ ಹಂಬಲವಿಲ್ಲವೆನ್ನುವವರನ್ನು ನೀವೂ ಕಂಡಿರಬಹುದು. ಆ ಮಾತನ್ನು ಪೂರ್ತಿಯಾಗಿ ನಂಬಬೇಕೇ?

ಪ್ರಾಗ್ ನಗರದಲ್ಲಿ ಹುಟ್ಟಿ ಜರ್ಮನ್ ಭಾಷೆಯಲ್ಲಿ ಬರೆದ ಫ್ರಾಂಜ್ ಕಾಫ್ಕಾ 1924ರಲ್ಲಿ ನಿಧನನಾದಾಗ ಅವನ ಮೂರು ಕಾದಂಬರಿಗಳೂ ಅಪೂರ್ಣವಾಗಿದ್ದವು. ಉಳಿದ ಹಸ್ತಪ್ರತಿಗಳನ್ನು ಓದದೆಯೇ ಸುಟ್ಟುಬಿಡಬೇಕೆಂದು ಗೆಳೆಯ ಮ್ಯಾಕ್ಸ್ ಬ್ರಾಡನಿಗೆ ಚೀಟಿ ಬರೆದಿಟ್ಟಿದ್ದನು. ತಾನು ಸುಡಲಾರೆನೆಂದು ಮೊದಲೇ ತಿಳಿಸಿದ್ದುದಾಗಿ ಬ್ರಾಡನು ಹೇಳುತ್ತಾನೆ. ಆದರೂ ಚೀಟಿ ಅವನ ಹೆಸರಿಗೇ! ಕೆಲವು ಬರಹಗಳನ್ನು ಕಾಫ್ಕಾ ಬದುಕಿದ್ದಾಗಲೇ ಬೆಂಕಿಗೆ ಹಾಕಿದ್ದುಂಟು. ಸುಡುವುದು ಅವನಿಗೆ ಅಸಾಧ್ಯವೇನಾಗಿರಲಿಲ್ಲ. ಬೆಂಕಿಯನ್ನು ಪರರ ಕೈಗೆ ಒಪ್ಪಿಸಿದವನ ಅಂತರಂಗದ ಮೂಲೆಯಲ್ಲಿ ಓದುಗನೊಬ್ಬನಿಗೆ ಜಾಗವಿತ್ತೆಂದೇ ನಾವು ಬಗೆಯುತ್ತೇವೆ.

ಇನ್ನು ಬ್ರಾಡನ ಅಂತರಂಗ! ಇಂಗ್ಲಿಷಿನಲ್ಲಿ 'ದಿ ಟ್ರಯಲ್' ಎಂದು ಹೆಸರಾದ ಕಾದಂಬರಿ 1925ರಲ್ಲಿ ಹೊರಬಂದಾಗ ಅಧ್ಯಾಯಗಳ ಕ್ರಮವನ್ನು ಗೊತ್ತುಮಾಡಿದವನು ಅವನೇ. ಸ್ನೇಹವೆಷ್ಟು, ಗೆಳೆಯನನ್ನು ಪೂರ್ಣ ಲೇಖಕನಂತೆ ತೋರಿಸುವ ಆಸೆಯೆಷ್ಟು? ತೂಗಿ ಹೇಳುವುದು ಕಷ್ಟ. 'ದಿ ಕ್ಯಾಸಲ್' ಕೃತಿಯ ಹಸ್ತಪ್ರತಿ ವಾಕ್ಯದ ನಡುವೆಯೇ ನಿಂತಿದೆ. 1926ರ ಮೊದಲ ಮುದ್ರಣದಲ್ಲಿ ಬ್ರಾಡನು ಕೊನೆಯ ಭಾಗವನ್ನೇ ಕೈಬಿಟ್ಟನು. ಸುಡಲಾರೆನೆಂದವನು ಇಷ್ಟನ್ನು ಮರೆಮಾಡಿದ್ದೇಕೆಂದು ಆ ಕೃತಿಯನ್ನು ತೆರೆದಾಗಲೆಲ್ಲ ಕೇಳಿಕೊಳ್ಳುತ್ತೇವೆ.