ಸಮಾಧಿಯಿಂದ ಆತ್ಮದವರೆಗೆ: ‘ಕೇವ್ ಆಫ್ ಬೋನ್ಸ್’ ಸಾಕ್ಷ್ಯಚಿತ್ರದ ಅವಸರ

ದಕ್ಷಿಣ ಆಫ್ರಿಕದ ರೈಸಿಂಗ್ ಸ್ಟಾರ್ ಗವಿಯಲ್ಲಿ 2013ರಲ್ಲಿ ಪತ್ತೆಯಾದ ಪಳೆಯುಳಿಕೆಗಳಿಗೆ 2015ರಲ್ಲಿ ‘ಹೋಮೋ ನಲೇಡಿ’ ಎಂದು ಹೆಸರಿಡಲಾಯಿತು. ಕನಿಷ್ಠ 15 ದೇಹಗಳಿಗೆ ಸೇರಿದ 1,550ಕ್ಕೂ ಹೆಚ್ಚು ಎಲುಬುಗಳೂ ಹಲ್ಲುಗಳೂ ಆಗ ದೊರೆತಿದ್ದವು. ಅವುಗಳ ಕಾಲ ಸುಮಾರು 3,35,000ದಿಂದ 2,36,000 ವರ್ಷಗಳ ಹಿಂದಿನದು. ಮಿದುಳು ನಮ್ಮದರ ಅರ್ಧಕ್ಕಿಂತಲೂ ಚಿಕ್ಕದು. ಈ ಜೀವಿಗಳು ತಮ್ಮ ಮೃತರನ್ನು ಉದ್ದೇಶಪೂರ್ವಕವಾಗಿ ಹೂಳುತ್ತಿದ್ದವೆಂಬ ಲೀ ಬರ್ಜರ್ ತಂಡದ ವಾದವೇ 2023ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ‘ಕೇವ್ ಆಫ್ ಬೋನ್ಸ್’ನ ವಸ್ತು.

ಇಕ್ಕಟ್ಟಾದ ಕಂಡಿಯಲ್ಲಿ ನುಸುಳಿ ಇಳಿಯುವ ಸಂಶೋಧಕರ ಶ್ರಮವನ್ನೂ ಮೃತರ ಮುಂದೆ ಅವರು ತಳೆಯುವ ಗೌರವವನ್ನೂ ಚಿತ್ರ ಪ್ರಾಮಾಣಿಕವಾಗಿ ತೋರಿಸುತ್ತದೆ. ಆದರೆ ಊಹೆಗೂ ಸಾಕ್ಷ್ಯಕ್ಕೂ ನಡುವಿನ ಗೆರೆಯನ್ನು ಅದು ಕಾಯುವುದಿಲ್ಲ. ದೇಹಗಳು ಬೇರೆ ಕಾರಣಗಳಿಂದ ಅಲ್ಲಿ ಸೇರಿರಬಹುದೇ ಎಂಬ ಪ್ರಶ್ನೆಗೆ ತಕ್ಕ ತೂಕ ದೊರೆಯುವುದಿಲ್ಲ. ಅದೇ ವರ್ಷ ‘ಈಲೈಫ್’ ಪತ್ರಿಕೆಯ ಪರಿಶೀಲಕರು ಸಾಕ್ಷ್ಯ ಸಾಲದೆಂದರು. ತಂಡವು 2025ರಲ್ಲಿ ಪರಿಷ್ಕೃತ ಲೇಖನವನ್ನು ಹೊರತಂದಿತು. ಚರ್ಚೆ ಇನ್ನೂ ಮುಗಿದಿಲ್ಲ.

ಸಮಾಧಿ ಸಾಬೀತಾಯಿತೆಂದೇ ಇಟ್ಟುಕೊಳ್ಳೋಣ. ಅಲ್ಲಿಂದ ಮರಣಾನಂತರದ ಬದುಕಿನ ನಂಬಿಕೆಗೆ ನೇರ ದಾರಿಯಿದೆಯೇ? ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1950ರಲ್ಲಿ ಮಾನವ ದೇಹದ ಉಗಮದ ಕುರಿತ ಸಂಶೋಧನೆಗೆ ಅವಕಾಶವಿತ್ತರು. ಆತ್ಮವಾದರೋ ದೇವರ ನೇರ ಸೃಷ್ಟಿಯೆಂದು ಬೋಧಿಸಿದರು. ಎರಡನೆಯ ಜಾನ್ ಪಾಲ್‌ರವರು 1996ರಲ್ಲಿ, ಆತ್ಮಿಕತೆಯತ್ತ ಸಾಗಿದ ಕ್ಷಣ ವಿಜ್ಞಾನದ ವೀಕ್ಷಣೆಗೆ ಸಿಗುವಂಥದ್ದಲ್ಲ, ಆದರೆ ಮಾನವತ್ವದ ಕುರುಹುಗಳನ್ನು ವಿಜ್ಞಾನ ಗುರುತಿಸಬಲ್ಲದು ಎಂದರು. ಸಮಾಧಿ ಅಂತಹ ಒಂದು ಕುರುಹಾಗಬಹುದು. ಕುರುಹನ್ನೇ ಆತ್ಮದ ಪುರಾವೆಯಾಗಿಸುವುದು ತರ್ಕದೋಷ.

ಈ ದೋಷ ನಮ್ಮಲ್ಲೂ ಎರಡು ರೂಪಗಳಲ್ಲಿ ಕಾಣಿಸಿಕೊಳ್ಳಬಹುದು. ಗವಿಯ ಸಮಾಧಿಯನ್ನು ನಂಬಿಕೆಗೆ ಆಸರೆಯಾಗಿ ಪ್ರಬೋಧನೆಯಲ್ಲಿ ಬಳಸುವ ಆತುರ ಒಂದು. ಚಿಕ್ಕ ಮಿದುಳಿನ ಜೀವಿ ಮೃತರನ್ನು ಹೂಳಿದ್ದರೆ ಮಾನವನ ಘನತೆ ಕುಗ್ಗೀತೆಂಬ ಭಯ ಇನ್ನೊಂದು. ಎರಡೂ ದೇವರ ಪ್ರತಿರೂಪವನ್ನು ಸಾಮರ್ಥ್ಯದಿಂದ ಅಳೆಯುತ್ತವೆ. ಆ ಅಳತೆಯನ್ನು ಒಪ್ಪಿದರೆ, ಇನ್ನೂ ಮಾತು ಬಾರದ ಶಿಶುವಿನ, ನೆನಪಳಿದ ವೃದ್ಧರ ಘನತೆಯನ್ನು ಯಾವ ಆಧಾರದ ಮೇಲೆ ಸಮರ್ಥಿಸುತ್ತೇವೆ? ಆದಿಕಾಂಡದಲ್ಲಿ ಆ ಪ್ರತಿರೂಪ ದೇವರಿತ್ತ ಕೊಡುಗೆ; ಮಾನವನ ಸಾಧನೆಗೆ ದೊರೆತ ಬಿರುದಲ್ಲ.

ಗುರುವಿದ್ಯಾರ್ಥಿಗಳು ಈ ಚಿತ್ರವನ್ನು ನೋಡಲಿ. ಜೊತೆಗೆ ಪರಿಶೀಲಕರ ಆಕ್ಷೇಪಗಳನ್ನೂ ಓದಲಿ. ನಾಳೆ ಧರ್ಮಕೇಂದ್ರದ ಯುವಜನರು ನಲೇಡಿಗೆ ಆತ್ಮವಿತ್ತೇ ಎಂದು ಕೇಳಿದಾಗ, ಎಲುಬುಗಳು ಹೇಳಬಲ್ಲದ್ದನ್ನೂ ಹೇಳಲಾರದ್ದನ್ನೂ ಬೇರ್ಪಡಿಸಿ ಉತ್ತರಿಸುವ ಹೊಣೆ ಅವರದೇ.