ಬಿಸಿಗಾಳಿಯ ಮನೆ

ಹೊತ್ತೊಯ್ಯುವ ಮನೆಗಳನ್ನು ಕಲಾಕೃತಿಯೆಂದು ರಚಿಸಿದವರು ಹಲವರು. ನನಗೆ ಅವುಗಳಲ್ಲಿ ಮುಖ್ಯವೆನಿಸಿದ್ದು ಮೈಕೆಲ್ ರಾಕೊವಿಟ್ಜ್ ಅವರ ‘ಪ್ಯಾರಾಸೈಟ್’. ಹೆಸರು ನಮ್ಮ ವೈದ್ಯಕೀಯ ಪುಸ್ತಕದ್ದೇ, ಪರೋಪಜೀವಿ! 1997ರಲ್ಲಿ ಜೋರ್ಡಾನಿನ ಬೆದೂಯಿನರ ಡೇರೆಗಳನ್ನು ನೋಡಿಬಂದ ಅವರು, ಎಂಐಟಿ ವಿದ್ಯಾರ್ಥಿಯಾಗಿದ್ದಾಗಲೇ, ಮಸಾಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಬೀದಿಯಲ್ಲಿ ಮಲಗುವವರಿಗೆಂದು ಇದನ್ನು ಮಾಡತೊಡಗಿದರು. ಸಾಮಗ್ರಿ ಪ್ಲಾಸ್ಟಿಕ್ ಚೀಲ ಮತ್ತು ಟೇಪು, ಅಷ್ಟೆ. ದೊಡ್ಡ ಕಟ್ಟಡ ಹೊರಬಿಡುವ ಬಿಸಿಗಾಳಿಯ ಕಿಂಡಿಗೆ ಸಿಕ್ಕಿಸಿದರೆ ಡೇರೆ ಉಬ್ಬಿ ನಿಲ್ಲುತ್ತದೆ. ಬೆಳಿಗ್ಗೆ ಮಡಚಿ ಕೈಯಲ್ಲಿ ಹಿಡಿದು ಹೊರಡಬಹುದು. ಗಾಳಿ ಹರಿಯುವುದು ಗೋಡೆಯ ಎರಡು ಪದರಗಳ ನಡುವೆ, ಮಲಗಿದವರ ಮೂಗಿಗಲ್ಲ. (ವೈದ್ಯನಾದ ನಾನು ಮೊದಲು ಗಮನಿಸಿದ್ದು ಇದನ್ನೇ.)

ಮೊದಲ ಮಾದರಿಗೆ ಬಳಸಿದ್ದು ಕಪ್ಪು ಚೀಲ. ಇವರಿಗೆ ಮರೆ ಬೇಕಾದೀತೆಂದು ಕಲಾವಿದರ ಎಣಿಕೆ. ಮಲಗುವವರು ಒಪ್ಪಲಿಲ್ಲ. ಹತ್ತಿರ ಬರುವವರು ತಮಗೆ ಕಾಣಬೇಕು, ತಾವೂ ಊರವರ ಕಣ್ಣಿಗೆ ಬೀಳಬೇಕು ಎಂದರು. ಮುಂದಿನ ಡೇರೆಗಳು ಪಾರದರ್ಶಕವಾದವು. ರೋಗಿಯ ಮಾತು ಕೇಳಿ ಔಷಧಿ ಬದಲಿಸಿದ ಹಾಗೆ. ನನ್ನ ಮಟ್ಟಿಗೆ ಈ ಕೃತಿ ವಾಸ್ತುಶಿಲ್ಪವಾದದ್ದು ಆ ಗಳಿಗೆಯಲ್ಲೇ. ಮುಂದೆ ನ್ಯೂಯಾರ್ಕಿನಲ್ಲಿ 3.5 ಅಡಿ ಎತ್ತರ ಮುಟ್ಟಿದರೆ ಅದು ಡೇರೆ, ಕಾನೂನಿಗೆ ವಿರುದ್ಧ. ಅಲ್ಲೊಬ್ಬರಿಗೆ ಮಲಗುವ ಚೀಲದಷ್ಟೇ ತಗ್ಗಾಗಿ ಮಾಡಿಕೊಟ್ಟರು.

ಇದು ವಸತಿ ಸಮಸ್ಯೆಗೆ ಪರಿಹಾರವಲ್ಲವೆಂದು ರಾಕೊವಿಟ್ಜರೇ ಹೇಳಿದ್ದಾರೆ. ಸರಿ, ನೋವಿನ ಮಾತ್ರೆಯೂ ಕಾಯಿಲೆ ವಾಸಿಮಾಡುವುದಿಲ್ಲ. ನನ್ನ ತಕರಾರು ಬೇರೆ. ‘ಪ್ಯಾರಾಸೈಟ್’ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲೂ ಇದೆ. ಕಿಂಡಿಯಿಂದ ಕಳಚಿದರೆ ಅದು ಬರೀ ಚೀಲ. ಇಂಥದ್ದನ್ನು ಪ್ರದರ್ಶನಕ್ಕಿಡುವಾಗೆಲ್ಲ, ಅದರೊಳಗೆ ಮಲಗಿದವರು ಏನು ಕೇಳಿದ್ದರು, ಏನನ್ನು ಬೇಡವೆಂದಿದ್ದರು ಎಂಬುದನ್ನೂ ಪಕ್ಕದಲ್ಲಿ ಬರೆದಿಡಬೇಕು.