ಸೆರಾಂಪುರದ ನಾಲ್ಕನೆಯ ಹೆಸರು: ಹನ್ನಾ ಮಾರ್ಷ್‌ಮನ್ ಅವರ ಜೀವನಕಥನದ ಒಂದು ವಿಮರ್ಶೆ

ಭಾರತದ ಪ್ರೊಟೆಸ್ಟೆಂಟ್ ಪ್ರೇಷಿತಕಾರ್ಯದ ಚರಿತ್ರೆಯನ್ನು ಬೋಧಿಸುವಾಗ ‘ಸೆರಾಂಪುರದ ತ್ರಿಮೂರ್ತಿಗಳು’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂರು ಹೆಸರುಗಳು ಒಂದೇ ಉಸಿರಿನಲ್ಲಿ ಹೊರಡುತ್ತವೆ. (ಕಟ್ಟಾ ಬ್ಯಾಪ್ಟಿಸ್ಟರಾಗಿದ್ದ ಆ ಮೂವರು ತಮಗೆ ಸಂದ ಈ ಬಿರುದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!) ಈ ತ್ರಿವಳಿಯನ್ನು ಚರಿತ್ರೆಯಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದ್ದು 1859ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ, ಕೇರಿ, ಮಾರ್ಷ್‌ಮನ್ ಹಾಗೂ ವಾರ್ಡರ ಜೀವನ ಮತ್ತು ಕಾಲವನ್ನು ನಿರೂಪಿಸುವ ಇಂಗ್ಲಿಷ್ ಗ್ರಂಥ. ಅದನ್ನು ಬರೆದವರು ಜೋಶುವಾ ಅವರ ಮಗ ಜಾನ್ ಕ್ಲಾರ್ಕ್ ಮಾರ್ಷ್‌ಮನ್. ಗ್ರಂಥದ ಹೆಸರಿನಲ್ಲಿ ಮೂವರು ಪುರುಷರಿದ್ದಾರೆ. ನಿಯೋಗದ ನಿತ್ಯದ ಅನ್ನಕ್ಕೆ ದಾರಿ ಮಾಡಿದವರಲ್ಲಿ ಪ್ರಮುಖರಾಗಿದ್ದ ಗ್ರಂಥಕರ್ತನ ತಾಯಿ ಹನ್ನಾ ಮಾರ್ಷ್‌ಮನ್ ಆ ಹೆಸರಿನಲ್ಲಿಲ್ಲ. ಈ ಗೈರುಹಾಜರಿಯನ್ನು ಚರಿತ್ರೆಕಾರನ ಮರೆವೆಂದು ಕ್ಷಮಿಸಿ ಮುಂದೆ ಸಾಗುವುದು ಸುಲಭ. ಆದರೆ ಅದರ ಹಿಂದೆ ಒಂದು ದೈವಶಾಸ್ತ್ರೀಯ ತಪ್ಪು ಅಡಗಿದೆ ಎಂಬುದೇ ನಮ್ಮ ವಾದ.

ಮೊದಲು ಸಂಗತಿಗಳನ್ನು ನೋಡೋಣ. ಹನ್ನಾ ಶೆಫರ್ಡ್ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತ್ಯದ ಕ್ರಾಕರ್ಟನ್‌ನ ಬ್ಯಾಪ್ಟಿಸ್ಟ್ ಸಭಾಪಾಲಕರೊಬ್ಬರ ಮೊಮ್ಮಗಳು. 1791ರಲ್ಲಿ ನೇಕಾರನ ಮಗನಾದ ಜೋಶುವಾ ಅವರನ್ನು ವಿವಾಹವಾದರು. 1794ರಲ್ಲಿ ದಂಪತಿಗಳು ಬ್ರಿಸ್ಟಲ್‌ಗೆ ಬಂದರು. ಜೋಶುವಾ ಅಲ್ಲಿ ಶಾಲಾಶಿಕ್ಷಕರಾದರು. 1799ರ ಅಕ್ಟೋಬರ್ 13ರಂದು ಅವರ ತಂಡ ಹೂಗ್ಲಿ ನದಿಯ ದಡದ ಸೆರಾಂಪುರದಲ್ಲಿ ಇಳಿಯಿತು. ಈಸ್ಟ್ ಇಂಡಿಯಾ ಕಂಪನಿ ಪ್ರೇಷಿತರನ್ನು ಸಹಿಸದ ಕಾಲವದು. ಸೆರಾಂಪುರ ಡೆನ್ಮಾರ್ಕಿನ ವಶದಲ್ಲಿದ್ದುದರಿಂದ ಅಲ್ಲಿನ ಗವರ್ನರ್ ಓಲೆ ಬೀ ಅವರಿಗೆ ಆಶ್ರಯ ಕೊಟ್ಟನು. 1800ರ ಜನವರಿಯಲ್ಲಿ ಕೇರಿ ಬಂದು ಸೇರಿಕೊಂಡರು. ಅದೇ ವರ್ಷದ ಮೇ 1ರಂದು ಮಾರ್ಷ್‌ಮನ್ ದಂಪತಿಗಳು ಎರಡು ವಸತಿ ಶಾಲೆಗಳನ್ನು ತೆರೆದರು.

ಆ ಶಾಲೆಗಳ ಸ್ವರೂಪವನ್ನು ಸ್ಪಷ್ಟವಾಗಿ ತಿಳಿಯಬೇಕು. ಅವು ಬಡ ಬಂಗಾಳಿ ಮಕ್ಕಳಿಗಾಗಿ ತೆರೆದವುಗಳಲ್ಲ. ಯುರೋಪಿಯನ್ ಮೂಲದ ಕುಟುಂಬಗಳ ಮಕ್ಕಳು ಶುಲ್ಕ ಕೊಟ್ಟು ಓದುತ್ತಿದ್ದ ಶಾಲೆಗಳು. ಸೆರಾಂಪುರದ ಪ್ರೇಷಿತರು ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ, ಒಂದೇ ನಿಧಿಯಿಂದ ಬದುಕುತ್ತಿದ್ದರು. ಫೋರ್ಟ್ ವಿಲಿಯಂ ಕಾಲೇಜಿನಿಂದ ಕೇರಿಗೆ ಬರುತ್ತಿದ್ದ ಸಂಬಳ, ವಾರ್ಡರ ಮುದ್ರಣಾಲಯದ ಗಳಿಕೆ, ಮಾರ್ಷ್‌ಮನ್ನರ ಶಾಲೆಗಳ ಆದಾಯ, ಇವು ಮೂರೂ ಆ ನಿಧಿಗೆ ಸೇರುತ್ತಿದ್ದವು; ತಮ್ಮ ಪಾಲಿಗೆ ಅವರು ಸಣ್ಣದೊಂದು ಭತ್ಯೆಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಕಥೋಲಿಕ ಓದುಗರಾದ ನಮಗೆ ಇದು ಅಪರಿಚಿತವೇನಲ್ಲ. ಬಡತನದ ವ್ರತ ತೊಡದ ವಿವಾಹಿತ ಬ್ಯಾಪ್ಟಿಸ್ಟರು ಧಾರ್ಮಿಕ ಸಭೆಗಳ ಬದುಕನ್ನೇ ಬಹುಮಟ್ಟಿಗೆ ಬದುಕುತ್ತಿದ್ದರು.

ಶಾಲೆಯ ಹೊರಗೂ ಹನ್ನಾ ಅವರ ಹೊರೆ ಸಣ್ಣದಾಗಿರಲಿಲ್ಲ. ಆಕೆ ಹನ್ನೆರಡು ಮಕ್ಕಳನ್ನು ಹೆತ್ತರು, ಅವರಲ್ಲಿ ಅನೇಕರನ್ನು ಮಣ್ಣಿಗೆ ಒಪ್ಪಿಸಿದರು. ಕೇರಿಯವರ ಪತ್ನಿ ಡೊರೊಥಿ ಮಾನಸಿಕ ಅಸ್ವಸ್ಥತೆಯಿಂದ ನರಳುತ್ತಾ 1807ರಲ್ಲಿ ತೀರಿಕೊಂಡರು. ಆ ಮನೆಯ ಗಂಡುಮಕ್ಕಳು ಲಂಗುಲಗಾಮಿಲ್ಲದೆ ಬೆಳೆಯುತ್ತಿದ್ದಾಗ ತಾಯಿಯ ಸ್ಥಾನದಲ್ಲಿ ನಿಂತವರು ಹನ್ನಾ. ತಪ್ಪು ಕಣ್ಣಿಗೆ ಬಿದ್ದು ಮರುಗಿದರೂ ತಿದ್ದುವಷ್ಟು ಬಿಗಿ ಕೇರಿಯವರಿಗಿರಲಿಲ್ಲವೆಂದು ಆಕೆ ನೇರವಾಗಿಯೇ ಬರೆದಿಟ್ಟಿದ್ದಾರೆ. ಜೀವನಚರಿತ್ರೆಕಾರರು ಈ ಮಾತನ್ನು ಕೇರಿಯ ಸೌಮ್ಯತೆಗೆ ಸಾಕ್ಷಿಯಾಗಿ ಬಳಸಿಕೊಳ್ಳುತ್ತಾರೆ. ನಮಗೆ ಅದು ಬರೆದವಳ ವಿವೇಚನೆಗೆ ಸಾಕ್ಷಿ. ಮಹಾಪುರುಷನ ಪಕ್ಕದಲ್ಲಿದ್ದೂ ಆತನ ಲೋಪವನ್ನು ಕಾಣಬಲ್ಲ, ಕಂಡು ಹೇಳಬಲ್ಲ ಕಣ್ಣು ಅದು.

ಇನ್ನು ವಿಮರ್ಶೆಯ ಮುಖ್ಯ ಬಿಂದುವಿಗೆ ಬರೋಣ. ಹನ್ನಾ ಅವರನ್ನು ಕುರಿತ ಬರವಣಿಗೆಯಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ಹಳೆಯ ಬಗೆಯಲ್ಲಿ ಆಕೆ ‘ಸಹಾಯಕಿ’. ನಿಜವಾದ ಪ್ರೇಷಿತಕಾರ್ಯವೆಂದರೆ ಪುರುಷರ ಬೋಧನೆ ಮತ್ತು ಬೈಬಲ್ ಅನುವಾದ. ಶಾಲೆಯೆಂದರೆ ಅದಕ್ಕೆ ಹಣ ಒದಗಿಸಿದ ಚೀಲ. ಹೊಸ ಬಗೆ ಈ ಅನ್ಯಾಯವನ್ನು ಸರಿಪಡಿಸಲು ಹೊರಟು ಆಕೆಗೆ ‘ಭಾರತದ ಮೊದಲ ಮಹಿಳಾ ಪ್ರೇಷಿತೆ’ ಎಂಬ ಕಿರೀಟ ತೊಡಿಸುತ್ತದೆ. ಈ ಎರಡನೆಯದೂ ನಮಗೆ ತೃಪ್ತಿ ಕೊಡುವುದಿಲ್ಲ. ಒಬ್ಬರನ್ನು ‘ಮೊದಲಿಗಳು’ ಎಂದ ಕೂಡಲೇ ಆಕೆಯ ಹಡಗಿನಲ್ಲೇ ಬಂದ ಗ್ರಾಂಟ್ ಮತ್ತು ಬ್ರನ್ಸ್‌ಡನ್ ಅವರ ಪತ್ನಿಯರು, ಅದಕ್ಕೂ ಮೊದಲು ಮನಸ್ಸಿಲ್ಲದ ಮನಸ್ಸಿನಿಂದ ಬಂದು ನರಳಿದ ಡೊರೊಥಿ ಹಿಂದಕ್ಕೆ ಸರಿಯುತ್ತಾರೆ. ಅದಕ್ಕಿಂತ ಮುಖ್ಯವಾದ ಕೊರತೆಯೊಂದಿದೆ. ಕಿರೀಟ ತೊಡಿಸುವವರೂ ಶಾಲೆಯನ್ನು ಚೀಲವೆಂದೇ ಬಗೆಯುತ್ತಾರೆ. ಆದ್ದರಿಂದ ಆಕೆಯನ್ನು ಪ್ರೇಷಿತೆ ಎನ್ನಲು ಶಾಲೆಯಾಚೆಗೆ ಬೇರೆ ಪುರಾವೆ ಹುಡುಕುತ್ತಾರೆ.

ಚೀಲ ಬೇರೆ, ವಾಕ್ಯ ಬೇರೆ ಎಂಬ ಈ ವಿಂಗಡಣೆಗೆ ಧರ್ಮಗ್ರಂಥದಲ್ಲಿ ಆಧಾರವಿದೆಯೇ? ಲೂಕನ ಶುಭಸಂದೇಶದ 8ನೆಯ ಅಧ್ಯಾಯದ ಮೊದಲ ಮೂರು ವಚನಗಳನ್ನು ಗಮನಿಸಬೇಕು. ಯೇಸುಸ್ವಾಮಿ ಊರೂರು ತಿರುಗಿ ಬೋಧಿಸುವಾಗ ಹನ್ನೆರಡು ಮಂದಿಯ ಜೊತೆಗೆ ಮಗ್ದಲದ ಮರಿಯಳು, ಯೊವಾನ್ನಳು, ಸುಸನ್ನಳು ಮೊದಲಾದ ಸ್ತ್ರೀಯರಿದ್ದರು; ತಮ್ಮ ಆಸ್ತಿಪಾಸ್ತಿಯಿಂದ ಅವರ ಸೇವೆ ಮಾಡುತ್ತಿದ್ದರು. ಅಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ ‘ಡಿಯಾಕೊನೆಯೋ’. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಊಟದ ಪಂಕ್ತಿಯ ಸೇವೆಗೂ ವಾಕ್ಯದ ಸೇವೆಗೂ ಅದೇ ಮೂಲದ ಪದಗಳು ಬರುತ್ತವೆ. ಪ್ರೇಷಿತರು ಕೆಲಸವನ್ನು ಹಂಚಿಕೊಂಡರು, ನಿಜ. ಆದರೆ ಹಂಚಿಕೆಯಾದ ಎರಡು ಕೆಲಸಗಳಿಗೂ ಲೂಕನು ಕೊಟ್ಟ ಹೆಸರು ಒಂದೇ. ಒಂದನ್ನು ಪ್ರೇಷಿತಕಾರ್ಯವೆಂದು, ಇನ್ನೊಂದನ್ನು ಅದಕ್ಕೆ ಬೇಕಾದ ಖರ್ಚುವೆಚ್ಚವೆಂದು ಬರೆದದ್ದು ನಾವು, ಲೂಕನಲ್ಲ.

ಸೆರಾಂಪುರದ ಪ್ರೇಷಿತರಿಗೂ ಇದು ಅರ್ಧ ತಿಳಿದಿತ್ತು. 1805ರಲ್ಲಿ ಅವರು ಬರೆದುಕೊಂಡ ಒಡಂಬಡಿಕೆಯನ್ನು ಪ್ರತಿವರ್ಷ ಮೂರು ಬಾರಿ ಗಟ್ಟಿಯಾಗಿ ಓದಬೇಕೆಂದು ನಿಯಮವಿತ್ತು. ಸ್ಥಳೀಯ ಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆಯುವುದು ಆ ಒಡಂಬಡಿಕೆಯಲ್ಲಿ ಪ್ರೇಷಿತರ ಕರ್ತವ್ಯಗಳ ಸಾಲಿನಲ್ಲೇ ಬರುತ್ತದೆ. ಆದರೆ ಅದಕ್ಕೆ ಸಹಿ ಹಾಕಿದವರೆಲ್ಲ ಪುರುಷರು. ಕೇರಿಯ ಮಗ ಫೆಲಿಕ್ಸ್ ಆಗಿನ್ನೂ ಇಪ್ಪತ್ತರ ತರುಣ. ಆತನ ಸಹಿ ಅಲ್ಲಿದೆ. ಆತನನ್ನು ತಿದ್ದಿ ಬೆಳೆಸಿದ, ಐದು ವರ್ಷಗಳಿಂದ ಶಾಲೆ ನಡೆಸುತ್ತಿದ್ದ ಹನ್ನಾ ಅವರ ಸಹಿ ಇಲ್ಲ. ಆ ಕಾಲದ ರೂಢಿಯೇ ಹಾಗಿತ್ತೆಂಬ ಸಮಾಧಾನವನ್ನು ನಾವು ಒಪ್ಪುತ್ತೇವೆ. ಆದರೂ ರೂಢಿಯೊಂದು ಕಾಲದ್ದೆಂದು ಗುರುತಿಸುವುದು ಬೇರೆ, ಅದನ್ನು ಪ್ರಶ್ನಿಸದೆ ನಮ್ಮ ಪಠ್ಯಕ್ರಮಕ್ಕೆ ಇಳಿಸಿಕೊಳ್ಳುವುದು ಬೇರೆ.

ಹಾಗೆಂದು ಹನ್ನಾ ಅವರ ಶಾಲೆಯನ್ನು ವಿಮರ್ಶೆಯಿಂದ ಹೊರಗಿಡುವುದೂ ಸರಿಯಲ್ಲ. ಶುಲ್ಕ ಕೊಡುವವರ ಮಕ್ಕಳಿಗೆ ಒಂದು ಶಾಲೆ, ಕೊಡಲಾರದ ಬಂಗಾಳಿ ಮಕ್ಕಳಿಗೆ ಇನ್ನೊಂದು. ಮೊದಲನೆಯದರ ಲಾಭದಿಂದ ಎರಡನೆಯದಕ್ಕೆ ಪೋಷಣೆ. ಈ ಏರ್ಪಾಟು ಅಂದೇ ಹುಟ್ಟಿತು, ನಮ್ಮ ಧರ್ಮಪ್ರಾಂತ್ಯಗಳಲ್ಲಿ ಇಂದಿಗೂ ಜೀವಂತವಾಗಿದೆ. ಅದರ ಫಲ ಅಲ್ಪವೇನಲ್ಲ. 1816ರಲ್ಲಿ ಜೋಶುವಾ ಅವರು ದೇಶೀಯ ಶಾಲೆಗಳನ್ನು ಕುರಿತ ಸಲಹೆಗಳ ಪುಸ್ತಿಕೆಯನ್ನು ಪ್ರಕಟಿಸಿದರು. ಮಾತೃಭಾಷೆಯಲ್ಲಿ ಉಕ್ತಲೇಖನದ ಮೂಲಕ ಭೂಗೋಳ, ಖಗೋಳ, ಇತಿಹಾಸಗಳನ್ನು ಕಲಿಸುವುದು, ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸುವುದು ಅದರ ತಿರುಳು. ಒಂದೆರಡು ವರ್ಷಗಳಲ್ಲಿ ಸೆರಾಂಪುರದ ಸುತ್ತ ನೂರರ ಆಸುಪಾಸಿನ ಗ್ರಾಮಶಾಲೆಗಳು ಎದ್ದವು. ಮೆಕಾಲೆ 1835ರಲ್ಲಿ ಇಂಗ್ಲಿಷಿನ ಪರವಾಗಿ ಬರೆಯುವುದಕ್ಕೆ ಎರಡು ದಶಕಗಳಷ್ಟು ಮೊದಲೇ ಹಳ್ಳಿಯ ಹುಡುಗನಿಗೆ ಅವನ ಭಾಷೆಯಲ್ಲೇ ವಿಜ್ಞಾನ ಕಲಿಸಬಹುದೆಂದು ತೋರಿಸಿದ್ದು ಈ ಶಾಲೆಗಳು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ಹನ್ನಾ ಕೈಹಾಕಿದರು. ಕೊಲ್ಕತ್ತೆಯ ಬಡ ಕ್ರೈಸ್ತ ಮಕ್ಕಳಿಗಾಗಿ ಅದೇ ನಿಯೋಗದವರು ‘ಬೆನೆವೊಲೆಂಟ್ ಇನ್‌ಸ್ಟಿಟ್ಯೂಷನ್’ ನಡೆಸಿದರು. ಅಲ್ಲಿ ಓದಿದವರಲ್ಲಿ ಪೋರ್ಚುಗೀಸ್ ಮೂಲದ ಕಥೋಲಿಕ ಮನೆಗಳ ಮಕ್ಕಳೂ ಇದ್ದರೆಂಬುದು ನಮಗೆ ತುಸು ಮುಜುಗರ ತರಬೇಕಾದ ವಿಷಯ. ಆದರೆ ಎರಡು ಬಗೆಯ ಶಾಲೆ, ಎರಡು ಬಗೆಯ ಮಕ್ಕಳು ಎಂಬ ಗೆರೆ ಅಳಿಯಲಿಲ್ಲ. ಶ್ರೀಮಂತ ಶಾಲೆ ಬಡ ಶಾಲೆಯನ್ನು ಸಾಕುತ್ತದೆಂಬ ನೆಮ್ಮದಿಯಲ್ಲಿ, ಇಬ್ಬರು ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಪ್ರಶ್ನೆ ಏಳುವುದೇ ಇಲ್ಲ.

ಆ ಆದಾಯ ಇನ್ನೊಂದು ಬಿಕ್ಕಟ್ಟಿಗೂ ಕಾರಣವಾಯಿತು. ಲಂಡನ್ನಿನ ಸಮಿತಿಯ ಹಣವನ್ನೇ ನೆಚ್ಚಿಕೊಳ್ಳದೆ ಬದುಕಬಲ್ಲವರು ಸಮಿತಿಯ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕು? ದುಡಿದು ಕಟ್ಟಿದ ಆಸ್ತಿ ಯಾರದು? ಈ ಜಗಳ 1827ರಲ್ಲಿ ಸೆರಾಂಪುರ ಮತ್ತು ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಗಳ ಬೇರ್ಪಡೆಯಲ್ಲಿ ಮುಗಿಯಿತು. ಆರೋಪಗಳ ಸುರಿಮಳೆ ಬಿದ್ದದ್ದು ಹೆಚ್ಚಾಗಿ ಜೋಶುವಾ ಅವರ ಮೇಲೆ. ಮಗನ 1859ರ ಗ್ರಂಥ ಬಹುಪಾಲು ಆ ಆರೋಪಗಳಿಗೆ ಕೊಟ್ಟ ಉತ್ತರ, ತಂದೆಯ ಪರವಾದ ವಕಾಲತ್ತು. ಅದನ್ನು ಹಾಗೆಂದೇ ತಿಳಿದು ಓದಬೇಕು. ತಂದೆಯ ಮಾನ ಕಾಯುವ ಆತುರದಲ್ಲಿದ್ದ ಮಗನಿಂದ ತಾಯಿಗೆ ಪ್ರತ್ಯೇಕ ಅಧ್ಯಾಯವನ್ನು ನಿರೀಕ್ಷಿಸುವುದು ಹೆಚ್ಚೇ ಆದೀತು. ನಂತರ ಬಂದವರಿಗೆ ಮಾತ್ರ ಆ ರಿಯಾಯಿತಿ ಸಲ್ಲದು.

ಕನ್ನಡಿಗರಿಗೆ ಈ ಕಥೆಯಲ್ಲಿ ನೇರವಾದ ಪಾಲಿದೆ. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಮುದ್ರಣಗೊಂಡದ್ದು ಸೆರಾಂಪುರದಲ್ಲೇ. ಆ ಕೆಲಸದ ಬೆನ್ನಿಗಿದ್ದ ಸಾಮಾನ್ಯ ನಿಧಿಗೆ ವಸತಿ ಶಾಲೆಗಳ ಶುಲ್ಕವೂ ಸೇರುತ್ತಿತ್ತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದುವ ನಮ್ಮ ಸೋದರ ಸೋದರಿಯರ ಪದವಿಪತ್ರಗಳ ಮೇಲೆ ಇಂದಿಗೂ ಸೆರಾಂಪುರದ ಹೆಸರಿದೆ. ಆ ಕಾಲೇಜನ್ನು 1818ರಲ್ಲಿ ಸ್ಥಾಪಿಸಿದವರೆಂದು ಅಲ್ಲಿಯೂ ಹೇಳುವುದು ಮೂವರ ಹೆಸರನ್ನೇ.

ವಾರ್ಡ್ 1823ರಲ್ಲಿ, ಕೇರಿ 1834ರಲ್ಲಿ, ಜೋಶುವಾ 1837ರಲ್ಲಿ ತೀರಿಕೊಂಡರು. 1845ರಲ್ಲಿ ಡೆನ್ಮಾರ್ಕ್ ಸೆರಾಂಪುರವನ್ನು ಬ್ರಿಟಿಷರಿಗೆ ಮಾರಿತು. ಹನ್ನಾ 1847ರ ಮಾರ್ಚ್ 5ರವರೆಗೆ ಬದುಕಿದ್ದರು. ಕೊನೆಯ ಹತ್ತು ವರ್ಷಗಳು ಸೆರಾಂಪುರದ ಆರಂಭದ ದಿನಗಳನ್ನು ಒಳಗಿನಿಂದ ಬಲ್ಲವರಾಗಿ ಉಳಿದವರು ಹೆಚ್ಚುಕಡಿಮೆ ಆಕೆಯೊಬ್ಬರೇ. ಆಕೆಯ ಜೀವನವನ್ನು ಕನ್ನಡದಲ್ಲಿ ಬರೆಯಲು ಹೊರಡುವವರು 1859ರ ಗ್ರಂಥದಿಂದಲ್ಲ, 1800ರ ಮೇ 1ರ ತರಗತಿಯಿಂದ ಆರಂಭಿಸಬೇಕೆಂದು ನಮ್ಮ ಸಲಹೆ.